ಕೊನೆಯ ಪುಟದ ಶುಲ್ಕ

೧೪ ಜೂನ್ ೨೦೦೮, ಶನಿವಾರ. ಬೈಲಹೊಂಗಲ.

ಮಗಳು ಶಾಂಭವಿಯ ನರ್ಸಿಂಗ್ ಅರ್ಜಿಗೆ ಇವತ್ತೇ ಕೊನೆಯ ದಿನ. ಡಿಡಿ ತೆಗೆಸೋಣವೆಂದರೆ ಬ್ಯಾಂಕು ಮಧ್ಯಾಹ್ನವೇ ಮುಚ್ಚಿತ್ತು. ಸೈಬರ್ ಕೆಫೆಯಲ್ಲಿ ಕಾರ್ಡಿನಿಂದ ಕಟ್ಟಲು ಕೂತರೆ, ಕೊನೆಯ ಪುಟದಲ್ಲಿ ನಲವತ್ತೈದು ರೂಪಾಯಿ ಹೆಚ್ಚುವರಿ ಶುಲ್ಕ! ಮನಿಆರ್ಡರಿನ ಕಮಿಷನ್ನಾದರೂ ಅಂಚೆ ಕಚೇರಿಯ ಗೋಡೆಯ ಮೇಲೆ ಬರೆದಿರುತ್ತಿತ್ತು.

"ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದು ಕೆಫೆಯ ಮಡಿವಾಳಯ್ಯನನ್ನು ಕೇಳಿದೆ.

"ನನಗೇನ್ ಕೇಳ್ತೀರಿ ಸರ್? ನಂಬರ್ ಹೇಳ್ರಿ, ಹೊಡಿತೇನಿ."

"ಅಪ್ಪಾ, ಜಗಳ ನಾಳಿಗೆ ಇಟ್ಕೋ, ಹತ್ತ ನಿಮಿಷ ಉಳದಾವ," ಎಂದು ಶಾಂಭವಿ ಕಾರ್ಡು ಕಸಿದುಕೊಂಡು, ತುಂಬಿದ ಕೆಫೆಯಲ್ಲಿ ಅದರ ನಂಬರನ್ನೂ ಹಿಂಬದಿಯ ಗುಟ್ಟಿನ ಮೂರಂಕಿಯನ್ನೂ ಗಟ್ಟಿಯಾಗಿ ಓದಿದಳು.

ಅರ್ಜಿ ಹೋಯಿತು. ಆ ನಂಬರು ಯಾರ್‍ಯಾರ ಕಿವಿಗೆ ಬಿತ್ತೋ. ಕಾರ್ಡು ನಿಲ್ಲಿಸಿ ಎನ್ನಲು ಬ್ಯಾಂಕಿಗೆ ಮೂರು ಸಲ ಫೋನ್ ಮಾಡಿದೆ. ಬರೀ ಸಂಗೀತ ಕೇಳಿಸುತ್ತಾರೆ. ಸೋಮವಾರದವರೆಗೆ ದಾರಿಯಿಲ್ಲ. ಅವಳ ಮೊದಲ ವರ್ಷದ ಫೀ ಪೂರ್ತಿ ಅದೇ ಖಾತೆಯಲ್ಲಿದೆ.