ಚಪ್ಪಾಳೆ ಬಿದ್ದ ಮೇಲೆ ಮಾತಿಲ್ಲ

ಹಕಾತ
ನವೆಂಬರ್ 12, ಮಂಗಳವಾರ

ಪ್ರೀತಿಯ ಚಿಹಾರುಗೆ,

ನಿನ್ನ ಇಕುಯೊಳ ನೆನಪುಗಳು. ಕಾರ್ಖಾನೆಯಲ್ಲಿ ರಬ್ಬರ್ ಬೂಟಿನೊಳಗೆ ಕಾಗದ ಸಿಕ್ಕಿತೆಂದು ಗಾಬರಿಯಾಗಬೇಡ. ಫೋನಿನಲ್ಲಿ ಬರೆದರೆ ನಿನ್ನ ಗಂಡ ಓದುತ್ತಾನೆ, ಅಂಚೆಗೆ ಹಾಕಿದರೆ ಅವನೇ ಮೊದಲು ಒಡೆಯುತ್ತಾನೆ. ಮೀನಿನ ಮೊಟ್ಟೆಯ ವಾಸನೆ ಹೊಡೆಯುವ ಈ ಬೂಟಿನ ತನಕ ಶೂಜಿಯ ಕೈ ಬರಲಾರದು. ಚಪ್ಪಾಳೆ ತಟ್ಟಿ ಮುಗಿಸಿದ ವಿಷಯವನ್ನು ಮತ್ತೆ ಎತ್ತಬಾರದು ಎಂಬುದು ನಮ್ಮೂರಿನ ಕಟ್ಟು, ಬಲ್ಲೆ. ಬಾಯಿಂದ ಎತ್ತಬಾರದು, ಅಷ್ಟೆ. ಬರೆಯಬಾರದು ಎಂದು ಯಾರೂ ಹೇಳಿಲ್ಲವಲ್ಲ.

ಮೈಯೆಲ್ಲ ನೋವು. ಈ ವಯಸ್ಸಿನಲ್ಲಿ ಎರಡು ರಾತ್ರಿ ನಕಾಸುವಿನ ಬಾರುಗಳ ಬೀದಿ ಸುತ್ತಿದರೆ ಇನ್ನೇನಾಗುತ್ತದೆ. ಫುಸಾಕೊ ಒಸಾಕಾದಿಂದ ವರ್ಷಕ್ಕೊಮ್ಮೆ ಬಂದಿಳಿಯುತ್ತಾಳೆ. ನಾವು ಮೂವರೂ ಇನ್ನೂ ಕಾರ್ಖಾನೆಯಲ್ಲಿ ಮೀನಿನ ಮೊಟ್ಟೆಗೆ ಖಾರ ಹಚ್ಚುತ್ತ, ಸಂಜೆಯಾದೊಡನೆ ತುಟಿಗೆ ಬಣ್ಣ ಹಚ್ಚಿಕೊಂಡು ಓಡುತ್ತಿದ್ದ ಹುಡುಗಿಯರೇ ಎಂದು ಅವಳ ನಂಬಿಕೆ. ಶುಕ್ರವಾರ ಕೋಳಿಚರ್ಮವನ್ನು ಕಡ್ಡಿಗೆ ಚುಚ್ಚಿ ಸುಡುವ ಆ ಅಂಗಡಿಯಲ್ಲಿ ನಾವಿಬ್ಬರೂ ಎಲೆಕೋಸು ಜಗಿಯುತ್ತ ಮಂಕಾಗಿ ಕೂತಿದ್ದನ್ನು ನೋಡಿ, "ಏನ್ರೇ, ಈಗ್ಲೇ ಆಕಳಿಸ್ತಿದೀರಾ? ನಾನೇನು ನಿಮ್ಮ ತಿಥಿ ಊಟಕ್ಕೆ ಬಂದಿದೀನಾ?" ಎಂದಳು. "ಆಕಳಿಕೆ ಅಲ್ಲ ಕಣೇ, ಹಾಡೋಕೆ ಬಾಯಿ ಹದ ಮಾಡ್ಕೋತಿದೀನಿ" ಎಂದೆ ನೀನು. ಎಷ್ಟೋ ದಿನಗಳ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆದರೆ ಕರೋಕೆ ಹಾಡುವ ಕೋಣೆಗೆ ಹೋದ ಮೇಲೆ ನೀನು ಮತ್ತೆ ಮತ್ತೆ ಕೈಗಡಿಯಾರ ನೋಡುತ್ತಿದ್ದುದನ್ನು ನಾನು ಕಂಡೆ. ಫೆಬ್ರವರಿಯಿಂದ ನೀನು ಇದ್ದದ್ದು ನನ್ನ ಮನೆಯಲ್ಲಿ. ನನ್ನ ಬಾಗಿಲಿಗೆ ತಡವಾದರೆ ಯಾರೂ ಸರಪಳಿ ಹಾಕುವುದಿಲ್ಲ. ಆದರೂ ಹತ್ತು ಗಂಟೆಯಾಯಿತೆಂದರೆ ನಿನ್ನ ಕಣ್ಣು ಮುಳ್ಳಿನ ಮೇಲೆಯೇ. ಹತ್ತು ದಾಟಿದರೆ ಶೂಜಿ ಒಳಗಿನಿಂದ ಸರಪಳಿ ಹಾಕಿಬಿಡುತ್ತಿದ್ದ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ನೀನು ಕರೆದರೂ ಒಳಗಿನಿಂದ ಉಸಿರೆತ್ತುತ್ತಿರಲಿಲ್ಲ. ಆಮೇಲೆ ನೀನು ನಡೆದುಕೊಂಡು ಬಂದು ನನ್ನ ಬಾಗಿಲು ತಟ್ಟುತ್ತಿದ್ದೆ. ಎಷ್ಟು ವರ್ಷ ನಡೆಯಿತು ಇದು.

ಶನಿವಾರದ ವಿಷಯಕ್ಕೆ ಬರುತ್ತೇನೆ. ಆ ಪುಟ್ಟ ಬಾರಿನಲ್ಲಿ ಫುಸಾಕೊ ಬಿಸಿನೀರು ಬೆರೆಸಿದ ಶೋಚು ಹೀರುತ್ತ ಅಂಗಡಿಯ ಅಮ್ಮನ ಜೊತೆ ಹರಟುತ್ತಿದ್ದಳು. ನೀನು ಚೀಲದಿಂದ ಆ ಹಿತ್ತಾಳೆ ಸರಪಳಿಯನ್ನು ತೆಗೆದು, ತಿರುಪುಗಳ ಸಮೇತ, ಲೋಟಗಳ ನಡುವೆ ಇಟ್ಟೆ. "ಶೂಜಿ ತಾನೇ ಕಿತ್ತು ತಂದಿದಾನೆ. ಫ್ಯಾಕ್ಟರಿ ಗೇಟ್ ಹತ್ರ ಎಲ್ಲರ ಮುಂದೆ ತಲೆ ಬಗ್ಗಿಸಿ ಕೈಗೆ ಕೊಟ್ಟ. ಸೋಮವಾರ ಮನೆಗೆ ಹೋಗ್ತೀನಿ."

ಫುಸಾಕೊ ಅದನ್ನು ಎತ್ತಿ ನೋಡಿದಳು. "ಕಿತ್ತಿರೋದು ಸರಪಳಿ ಕಣೇ. ತೂತು ಇನ್ನೂ ಬಾಗಿಲಲ್ಲೇ ಇದೆಯಲ್ಲ. ಅಂಗಡೀಲಿ ಹೊಸದು ಸಿಗಲ್ವಾ?"

"ಸುಮ್ನಿರೇ. ಒಂದೇ ಕೈಲಿ ಚಪ್ಪಾಳೆ ಆಗುತ್ತಾ? ನಂದೂ ತಪ್ಪಿತ್ತು" ಎಂದೆ ನೀನು.

ಆಗ ನಾನು ಆ ಮಾತು ಆಡಿದೆ. "ಹೋಗೋದಾದ್ರೆ ಹೋಗು. ಆದ್ರೆ ಇನ್ನೊಂದ್ಸಲ ಸರಹೊತ್ತಲ್ಲಿ ಬಂದು ನನ್ನ ಬಾಗಿಲು ತಟ್ಟಬೇಡ. ನನಗೆ ಸಾಕಾಗಿದೆ." ಅಂಗಡಿಯ ಅಮ್ಮ ಲೋಟ ಒರೆಸುವುದನ್ನು ನಿಲ್ಲಿಸಿದಳು. ನೀನು ಸರಪಳಿಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡು, "ನೀನು ಹೇಳೋದು ಸರಿ" ಎಂದೆ. ಜಗಳವಾಡಿದ್ದರೆ ಚೆನ್ನಾಗಿತ್ತು.

ಕುಡಿದು ಆಡಿದ ಮಾತಲ್ಲ ಅದು, ಸುಳ್ಳೂ ಅಲ್ಲ. ನಿಜವಾಗಿಯೂ ದಣಿದಿದ್ದೇನೆ. ಬೆಳಗಿನ ಪಾಳಿಗೆ ಕತ್ತಲಲ್ಲೇ ಏಳಬೇಕಾದವಳು ನಾನು. ಪ್ರತಿಸಲ ನೀನು ಅತ್ತುಕೊಂಡು ಬರುವುದು, ನಾನು ಹಾಸಿಗೆ ಬಿಡಿಸುವುದು, ಇನ್ನು ಹೋಗುವುದಿಲ್ಲ ಎಂದು ನೀನು ಆಣೆ ಹಾಕುವುದು, ವಾರದೊಳಗೆ ಅವನು ಕೇಕಿನ ಡಬ್ಬ ಹಿಡಿದು ಬರುವುದು, ನೀನು ಹೋಗುವುದು. ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈ ಸಲ ಇಷ್ಟು ತಿಂಗಳು ಉಳಿದೆಯಲ್ಲ, ನಾನು ನಂಬಿಬಿಟ್ಟಿದ್ದೆ. ಸಿಟ್ಟು ಬಂದದ್ದು ಅದಕ್ಕೆ.

ಭಾನುವಾರ ಸಂಜೆ ಫುಸಾಕೊಳ ರೈಲಿಗೆ ಮೊದಲು ಹೊಳೆ ದಂಡೆಯ ಗಾಡಿ ಅಂಗಡಿಯಲ್ಲಿ ಕೂತೆವು. ಮೂವರಿಗೂ ತಲೆ ಭಾರ, ಯಾರಿಗೂ ಏನೂ ಬೇಡ, ಆದರೂ ರಾಮೆನ್ ಹೇಳಿದೆವು. ನೀನು ಬಟ್ಟಲು ಪಕ್ಕಕ್ಕೆ ಸರಿಸಿ, "ಚಪ್ಪಾಳೆ ಹಾಕಿ ಮುಗಿಸಿಬಿಡೋಣ" ಎಂದೆ.

ಫುಸಾಕೊಗೆ ಕುಡಿದದ್ದೆಲ್ಲ ಇಳಿಯಿತು. "ಬೇಡ ಕಣೇ. ಹಕಾತದ ಚಪ್ಪಾಳೆ ಬಿದ್ರೆ ಆಮೇಲೆ ಯಾರೂ ತಕರಾರು ಎತ್ತೋ ಹಾಗಿಲ್ಲ. ಇದೇನು ಮೀನು ವ್ಯಾಪಾರನಾ?"

"ಅದಕ್ಕೇ ಹೇಳಿದ್ದು. ನಾನು ಮನೆಗೆ ಹೋಗ್ತೀನಿ, ನೀವು ಬೈಯೋ ಹಾಗಿಲ್ಲ. ಇಕುಯೊ ಬಾಗಿಲು ನಾನು ತಟ್ಟೋ ಹಾಗಿಲ್ಲ. ಎಲ್ಲಾರ್ಗೂ ಸಲೀಸು."

ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಗಾಡಿಯವನು ಖುಷಿಯ ಸಮಾಚಾರವೆಂದುಕೊಂಡು ಸೌಟು ಕೆಳಗಿಟ್ಟು ಚಪ್ಪಾಳೆಗೆ ಕೂಗು ಕೊಡಲು ಬಂದ. ಪಕ್ಕದಲ್ಲಿದ್ದ ಅಪರಿಚಿತರೂ ಎದ್ದು ನಿಂತರು. ನೀನು ಚೀಲವನ್ನು ನನ್ನ ಕೈಗೆ ತುರುಕಿ, ಎಲ್ಲರಿಗಿಂತ ಮುಂದೆ ನಿಂತು ಕಣ್ಣು ಮುಚ್ಚಿಕೊಂಡೆ. ಎರಡು ಚಪ್ಪಾಳೆ, ಮತ್ತೆರಡು, ಕೊನೆಗೆ ಮೂರು. ಹೊಳೆಯಲ್ಲಿ ಅಂಗಡಿಗಳ ದೀಪ ಅಲ್ಲಾಡುತ್ತಿತ್ತು. ನೀನು ಕಣ್ಣು ಬಿಟ್ಟು ನಕ್ಕೆ. ಆ ನಗು ನನಗೆ ಹಿಡಿಸಲಿಲ್ಲ.

ನಿನ್ನೆ ನೀನು ಪೆಟ್ಟಿಗೆ ತೆಗೆದುಕೊಂಡು ಹೋದ ಮೇಲೆ ಬೇಗ ಮಲಗಿದೆ. ಇನ್ನು ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದುಕೊಂಡೆ. ಹತ್ತಕ್ಕೆ ಸರಿಯಾಗಿ ಎಚ್ಚರವಾಯಿತು. ಎದ್ದು ಹೋಗಿ ಬಾಗಿಲ ಹೊರಗೆ ನೋಡಿದೆ, ಎದುರುಮನೆಯ ಬೆಕ್ಕು ಕೂತಿತ್ತು. ಮನೆಯೊಳಗೆ ಹಾಕಿಕೊಳ್ಳುತ್ತಿದ್ದ ನಿನ್ನ ಚಪ್ಪಲಿ ಇಲ್ಲೇ ಬಿಟ್ಟಿದ್ದೀಯ, ಗೋಡೆಯ ಕಡೆ ಮುಖ ಮಾಡಿ ಜೋಡಿಸಿಟ್ಟಿದ್ದೀಯ. ಅದನ್ನು ಬೀರುವಿಗೆ ಹಾಕಲು ಎತ್ತಿಕೊಂಡವಳು ಅಲ್ಲೇ ಮತ್ತೆ ಇಟ್ಟೆ. ಮನೆ ಬಿಕೋ ಎನ್ನುತ್ತಿತ್ತು. ನಿನ್ನ ಗೊರಕೆಯನ್ನು ಇಷ್ಟು ಬೈದವಳಿಗೆ ಅದಿಲ್ಲದೆ ನಿದ್ದೆ ಬರಲಿಲ್ಲ.

ಶೂಜಿ ಈ ಸಲ ಒಳ್ಳೆಯವನಾಗಿರಬಹುದು. ಆಗಿರಲಿ ಎಂದು ಮನಸಾರೆ ಬಯಸುತ್ತೇನೆ. ಅವನು ಕೊಟ್ಟ ಕೇಕು ನೀನೇ ತಿನ್ನು, ನನಗೆ ಎತ್ತಿಡಬೇಡ. ಮುಂದಿನ ವರ್ಷ ಫುಸಾಕೊ ಬಂದಾಗ ಶುಕ್ರವಾರವೇ ಬಾ, ಗಡಿಯಾರ ಮನೆಯಲ್ಲಿ ಬಿಟ್ಟು ಬಾ. ಓದಿದ ಮೇಲೆ ಈ ಕಾಗದವನ್ನು ಕಾರ್ಖಾನೆಯ ಕಸದ ಬುಟ್ಟಿಗೇ ಹಾಕು.

ನಿನ್ನ ದಣಿದ ಗೆಳತಿ,
ಇಕುಯೊ

ಮರೆತ ಮಾತು: ಗಾಡಿ ಅಂಗಡಿಯಲ್ಲಿ ನಿನ್ನ ಚೀಲ ನನ್ನ ಎಡಗೈಯಲ್ಲಿತ್ತು. ಆ ಸರಪಳಿಯೂ ಒಳಗಿದ್ದುದರಿಂದ ತೂಕವಾಗಿಯೇ ಇತ್ತು. ಕೆಳಗಿಡಬಹುದಿತ್ತು, ನಾನು ಇಡಲಿಲ್ಲ. ಏಳು ಸಲವೂ ಬಲಗೈಯಿಂದ ತೊಡೆಗೆ ಹೊಡೆದುಕೊಂಡೆ. ನೀನು ಕಣ್ಣು ಮುಚ್ಚಿದ್ದೆ, ಫುಸಾಕೊ ನೋಡಿದಳು, ಬೇಕಾದರೆ ಕೇಳು. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂದವಳು ನೀನೇ. ಆದ್ದರಿಂದ ನನ್ನ ಮಟ್ಟಿಗೆ ಯಾವುದೂ ಮುಗಿದಿಲ್ಲ. ಎಷ್ಟು ಹೊತ್ತಾದರೂ ಬಂದು ಬಾಗಿಲು ತಟ್ಟು. ಬೈದುಕೊಂಡೇ ತೆಗೆಯುತ್ತೇನೆ.