ನಲವತ್ತು ಎಂದು ತೋರಿಸಿದ ಪೆಟ್ಟಿಗೆ

ಮೇಲಿನ ಆಗರ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ೨೩೧೨

ಗಣಕದ ತೆರೆಯ ಮೇಲೆ ಬರೆಯುವ ಪೆಟ್ಟಿಗೆಗಳನ್ನು ಕಟ್ಟುವ ಹಿಂದಿನ ಕಾಲದ ಜಾಣರಿಗೆ,

ಸಮುದ್ರಕ್ಕೆ ಉಬ್ಬರ ಇಳಿತ ಕಲಿಸಿದ ಬೊಮ್ಮಯ್ಯ ಆಗೇರನ ನಮಸ್ಕಾರ. ನಾನು ದಂಡೆಯಲ್ಲಿ ನಿಂತು ಎರಡು ಸಲ ಗದರುವವರೆಗೂ ಅದು ಸುಮ್ಮನೆ ಬಿದ್ದುಕೊಂಡಿತ್ತು. ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆ, ಹಾಗಾಗಿ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ತಿಂಗಳು ಹದಿಮೂರಾದದ್ದು ಹೇಗೆಂದು ಕೇಳಬೇಡಿ. ನಮಗೂ ಯಾರೂ ಸರಿಯಾಗಿ ಹೇಳಿಲ್ಲ.

ನಿಮ್ಮ ಕಾಲದ ಉಪ್ಪಿನ ಆಗರಗಳು ನೀರಿನಡಿ ಹೋದವು. ಈಗ ನಾವು ಉಪ್ಪು ಬೆಳೆಯುವುದು ಗುಡ್ಡದ ಹೆಗಲಿನಲ್ಲಿ, ನಿಮ್ಮ ಬಸ್ಸುಗಳು ಓಡುತ್ತಿದ್ದ ಜಾಗದಲ್ಲಿ. ಬೆಳಿಗ್ಗೆ ಹಲಗೆಯಿಂದ ಉಪ್ಪು ಎಳೆದು ಬದುವಿನ ಮೇಲೆ ರಾಶಿ ಹಾಕುತ್ತೇವೆ. ಅಷ್ಟು ಮಾತ್ರ ಹಳೆಯದು. ಸಮುದ್ರದ ನೀರು ಬಿಡುವ ತೂಬು ತಾನೇ ಎದ್ದು ತೆರೆಯುತ್ತದೆ, ತಾನೇ ಬಿದ್ದು ಮುಚ್ಚುತ್ತದೆ. ನೀರು ಎಷ್ಟು ಬೆರಳು ಏರಿದಾಗ ಬೀಳಬೇಕೆಂದು ಯಂತ್ರದ ಮನೆಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ನಾವು ಬರೆಯಬೇಕು. ಆ ಪೆಟ್ಟಿಗೆಗೆ ಮುಖ ಎನ್ನುತ್ತೇವೆ. ಯಂತ್ರ ನಿಜವಾಗಿ ಅಂಕಿ ಇಟ್ಟುಕೊಳ್ಳುವ ಒಳಗಿನ ಜಾಗ ತಳ. ಎರಡರಲ್ಲೂ ಒಂದೇ ಅಂಕಿ ಇರುವಂತೆ ನೋಡಿಕೊಳ್ಳುವುದು ಕೊಂಡಿ. ತೂಬಿಗೆ ಗೊತ್ತಿರುವುದು ತಳ ಮಾತ್ರ. ಮುಖವನ್ನು ನಂಬುವವರು ನಾವು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಂದು ಹಂಗಾಮಿನಲ್ಲಿ ಮುನ್ನೂರು ಚೀಲ ಎಳೆದವರ ಹೆಸರಿಗೆ ಒಂದು ಆಗರ ಬರೆದುಕೊಡುತ್ತಾರೆ. ನನ್ನ ತಂಗಿಯ ಮಗಳು ಮಂಕಾಳಿ ಈ ಸಲ ಮುನ್ನೂರು ದಾಟಿದ್ದಳು. ಅಳತೆಗೆ ಒಂದೇ ದಿನ ಉಳಿದಿತ್ತು. ರಾಶಿಯ ಕಾವಲು ನನ್ನದು, ನಾನೇ ಕೇಳಿ ಪಡೆದದ್ದು.

ತಳದಲ್ಲಿ ತೊಂಬತ್ತು ಇತ್ತು, ಹಿಂದೆ ಖಾಲಿ ಆಗರಕ್ಕೆ ನೀರು ತುಂಬುವಾಗ ಬರೆದಿಟ್ಟ ಅಂಕಿ. ನಲವತ್ತು ಬೆರಳು ದಾಟಿದರೆ ನೀರು ಬದು ಹತ್ತುತ್ತದೆ. ಬಿಸಿಲೇರುವ ಮೊದಲೇ ಹೋಗಿ ಚೆಂದವಾಗಿ ನಲವತ್ತು ಎಂದು ಬರೆದೆ. ಪೆಟ್ಟಿಗೆ ನಲವತ್ತು ತೋರಿಸಿತು. ಬೇರೆ ಯಾರಾದರೂ ಬಂದು ಅಳಿಸಿದರೆ ಎಂದು ತೂಬಿಗೆ ಬೆನ್ನು ಹಾಕಿ, ಪೆಟ್ಟಿಗೆಯ ಎದುರೇ ಕುಳಿತೆ. ಕಣ್ಣು ಕೀಳಲಿಲ್ಲ. ದಿಟ್ಟಿಸಿ ನೋಡುವುದರಲ್ಲಿ ನನ್ನನ್ನು ಸೋಲಿಸಿದವರು ಏಳು ಊರಿನಲ್ಲಿ ಇಲ್ಲ.

ಮಧ್ಯಾಹ್ನ ಮಂಕಾಳಿ ಬಾಗಿಲಲ್ಲಿ ನಿಂತು ಕರೆದಳು. “ಮಾವಾ, ಗಂಜಿ ತಣ್ಣಗಾಯ್ತು. ಏಳು.”

“ನಲವತ್ತು ಕಾಯ್ತಾ ಇದ್ದೆ. ಮಾತಾಡ್ಸಬೇಡ.”

“ಅದೆಂತ ಎದ್ದು ಓಡಿ ಹೋಗ್ತದ್ಯಾ?”

ನಾನು ತಿರುಗಲಿಲ್ಲ. ಅವಳು ನಗುತ್ತ ಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಪಾದ ತಣ್ಣಗಾಯಿತು. ನೀರು ಹೊಸ್ತಿಲು ದಾಟಿತ್ತು. ಬೆಚ್ಚಿ ಹಿಂದೆ ತಿರುಗಿದೆ. ತಿರುಗಿದ ಕ್ಷಣಕ್ಕೇ ತೂಬು ಧಡ್ ಎಂದು ಬಿತ್ತು.

ಆಮೇಲೆ ತಿಳಿಯಿತು, ಕೊಂಡಿ ಕಟ್ಟಿದ್ದ ಬಗೆಯೇ ಹಾಗಂತೆ. ಬರೆದವನು ಪೆಟ್ಟಿಗೆಯನ್ನು ಬಿಟ್ಟ ಮೇಲೆ ಮಾತ್ರ ಅಂಕಿ ತಳಕ್ಕೆ ಇಳಿಯುತ್ತದೆ. ನಿಮ್ಮ ಕಾಲದಲ್ಲಿ ಬಿಡುವುದೆಂದರೆ ಬೆರಳನ್ನು ಬೇರೆ ಕಡೆ ಒತ್ತುವುದಂತೆ. ನಮ್ಮವರು ಬೆರಳಿನ ಜಾಗದಲ್ಲಿ ಕಣ್ಣನ್ನು ಇಟ್ಟರು, ಉಳಿದದ್ದನ್ನು ಯಾರೂ ಮುಟ್ಟಲಿಲ್ಲ. ನಾನು ಕಾದಷ್ಟು ಹೊತ್ತೂ ತಳದಲ್ಲಿ ತೊಂಬತ್ತೇ ಇತ್ತು. ಗಂಜಿಗೆ ಎದ್ದಿದ್ದರೆ ಉಪ್ಪು ಉಳಿಯುತ್ತಿತ್ತು. ಇನ್ನೂರೆಂಬತ್ತು ವರ್ಷ ನಿಮ್ಮ ಈ ಗಂಟನ್ನು ಒಬ್ಬರೂ ಬಿಚ್ಚಿ ನೋಡಲಿಲ್ಲವೆಂದರೆ ಯಾರಿಗೆ ಬೈಯಲಿ?

ಆದ್ದರಿಂದ ಕೇಳಿಕೊಳ್ಳುತ್ತೇನೆ. ಒಂದೊಂದು ಅಂಕಿ ಬರೆದಾಗಲೂ ಅದನ್ನು ಆಗಲೇ ತಳಕ್ಕೆ ಇಳಿಸಿ. ತಳದಲ್ಲಿ ಏನಾದರೂ ಬದಲಾದರೆ ಮುಖಕ್ಕೆ ತಿಳಿಸಿ. ಅಷ್ಟೂ ಆಗದಿದ್ದರೆ, ಇಳಿಯದ ಅಂಕಿಗೆ ಬೇರೆ ಬಣ್ಣವನ್ನಾದರೂ ಕೊಡಿ. ನನ್ನಂಥವನು ಒಪ್ಪಿಕೊಂಡ ಕೆಲಸವನ್ನು ಕಣ್ಣಿಟ್ಟು ಮಾಡುತ್ತಾನೆ.

ಮಂಕಾಳಿ ಬೈಯಲಿಲ್ಲ. ಒದ್ದೆ ಬದುವನ್ನು ನೋಡಿ, ಒಳಗೆ ಬಂದು ಗೋಡೆ ನೋಡಿದಳು. “ಪೆಟ್ಟಿಗೇಲಿ ನಲವತ್ತೇ ಇದ್ಯಲ, ಮಾವ,” ಎಂದಳು. ಈಗ ಮತ್ತೆ ಬೇರೆಯವರ ಆಗರದಲ್ಲಿ ಹಲಗೆ ಹಿಡಿದಿದ್ದಾಳೆ.

ಊರಿನಲ್ಲಿ ಕೇಳಿದವರಿಗೆಲ್ಲ ಹನ್ನೊಂದು ಚೀಲ ಹೋಯಿತು ಎಂದಿದ್ದೇನೆ, ಅದರಲ್ಲೂ ಅರ್ಧ ನನ್ನದೇ ಎಂದು. ನೀವು ದೂರದವರು, ನಿಮ್ಮ ಹತ್ತಿರ ಹೇಳಬಹುದು. ಹೋದದ್ದು ಮುನ್ನೂರ ಹನ್ನೆರಡು ಚೀಲ. ಒಂದೂ ನನ್ನದಲ್ಲ.

ಬೊಮ್ಮಯ್ಯ