ಗೋಲಿನ ಹಿಂದಿನ ಕುರ್ಚಿ

4 ನವೆಂಬರ್ 1951, ಭಾನುವಾರ. ಬಳ್ಳಾರಿ

ಇವತ್ತಿನ ಫುಟ್‌ಬಾಲ್ ಮ್ಯಾಚಿನಲ್ಲೂ ಗೋಲ್ ಹಿಂದೆಯೇ ಕುಳಿತೆ! ಮಡಿಸುವ ಕುರ್ಚಿಯನ್ನು ನಮ್ಮ ಯಜಮಾನರೇ ಸೈಕಲ್ ಮೇಲೆ ತರುತ್ತಾರೆ. "ಚೆಂಡು ಯಾವ ಕಡಿಂದ ಬರ್ತೈತಿ ಕೂಗಿ ಹೇಳು. ನಿನ್ನ ದನಿ ಕೇಳಿದ್ರ ನನಗ ಆಟ ಬರ್ತೈತಿ" ಅಂದಿದ್ದರು. ಮದುವೆಯಾಗಿ ಮೂರೇ ತಿಂಗಳು — ಇಷ್ಟು ರೊಮ್ಯಾಂಟಿಕ್ ಮಾತು ಯಾವ ಗಂಡ ಆಡಿಯಾನು! "ಎಡಕ್ಕ! ಬಲಕ್ಕ!" ಎಂದು ಕೂಗಿ ಗಂಟಲು ಕಟ್ಟಿದೆ.

ಬೇರೆ ಗೋಲ್‌ಕೀಪರ್‌ಗಳು ಕಂಬಗಳ ನಡುವೆ ನಿಲ್ಲುತ್ತಾರೆ. ನಮ್ಮವರು? ಅರ್ಧ ಮೈದಾನ ಓಡಿ, ಎದುರಾಳಿಯ ಕಾಲಿಗೇ ತಲೆಕೊಟ್ಟು ಚೆಂಡು ಅಪ್ಪಿಕೊಳ್ಳುತ್ತಾರೆ. ಅದೂ ಬರಿಗಾಲಲ್ಲಿ! "ಗವಿಸಿದ್ದಪ್ಪಾ" ಎಂದು ಅವರ ಹೆಸರು ಹಿಡಿದು ಜನರ ಕಿರುಚಾಟ. ಕ್ಯಾಪ್ಟನ್ ಎರ್ರಣ್ಣ ನನಗೆ ಹೇಳಿದ: "ಅಕ್ಕಾರ, ಇವನ್ನ ಕಂಬಕ್ಕ ಹಗ್ಗ ಹಾಕಿ ಕಟ್ರಿ. ಇಲ್ಲಂದ್ರ ಒಂದಿನ ಗುಂತಕಲ್ ತನಕ ಓಡ್ತಾನ."

18 ನವೆಂಬರ್

ಡಿಸೆಂಬರ್ 9ರ ಫೈನಲ್ ನೋಡಲು ಮದ್ರಾಸ್ ತಂಡಕ್ಕೆ ಆಟಗಾರರನ್ನು ಆರಿಸುವ ಸೆಲೆಕ್ಟರ್ ಬರುತ್ತಾರಂತೆ! ಇಂಗ್ಲಿಷ್ ಕಾಗದ ನಾನೇ ಓದಿ ಹೇಳಿದೆ. ಮೂರು ಸಲ ಓದಿಸಿದರು. ಮದ್ರಾಸ್! ಕಡಲು! ಟ್ರಾಮು!

25 ನವೆಂಬರ್. ಕುರುಗೋಡು, ಅತ್ತೆಯ ಮನೆ

ಊಟಕ್ಕೆ ಅವರ ಎಡಕ್ಕೆ ನೀರಿನ ಚೊಂಬು ಇಟ್ಟೆ. ಕೈ ತಾಗಿ ಉರುಳಿತು. ಅತ್ತೆ ಹುಲುಗಮ್ಮ ನನ್ನನ್ನು ಒಳಗೆ ಎಳೆದರು.

"ಎಡಕ್ಯಾಕ ಇಟ್ಟಿ? ಆ ಕಡಿ ಕಣ್ಣು ಅವನಿಗೆ ಇಲ್ಲಲ್ಲ."

"ಇಲ್ಲ ಅಂದ್ರ?"

"ಅಯ್ಯ ಶಿವನ! ನಿನಗ ಹೇಳಿಲ್ಲೇನವ್ವಾ? ಹದಿನಾರು ವರ್ಷದವ ಇದ್ದಾಗ ಆಟದಾಗ ಮಾರಿಗೆ ಒದ್ದಾರ. ಈಗ ಬಲಗಣ್ಣೂ ಮಂಜಾಗೈತಿ. ಇನ್ನೊಂದು ಪೆಟ್ಟು ಬಿದ್ರ ಅದೂ ಹೋಗ್ತೈತಿ ಅಂದಾರ ಡಾಕ್ಟ್ರು. ಆಟ ಬಿಡಸವ್ವಾ, ನನ್ನ ಮಾತು ಕೇಳಂಗಿಲ್ಲ ಅವ."

ಊರೆಲ್ಲ ಧೈರ್ಯ ಅನ್ನುತ್ತದೆ. ದೂರದ ಚೆಂಡು ಕಾಣದೆ ಹತ್ತಿರ ಓಡುತ್ತಾರೆ, ಅಷ್ಟೇ. ಎಡಗಡೆಯದು ನನ್ನ ದನಿ ನೋಡಿಕೊಳ್ಳಬೇಕು. ನಾನೆಂಥ ಪೆದ್ದಿ...

26 ನವೆಂಬರ್. ಬಳ್ಳಾರಿ

ಕೇಳಿಯೇಬಿಟ್ಟೆ.

"ಮದ್ರಾಸಿಗೆ ಒಂದ ಸಲ ಆಡ್ತೀನಿ. ಆಮ್ಯಾಗ ಬಿಡ್ತೀನಿ."

"ಕಣ್ಣು ಹೋದ್ರ?"

"ಗೋಲಿನಾಗ ನಿಲ್ಲದಿದ್ರ ನಾ ಯಾರು ಲೇ? ನೀ ಅದೀಯಲ್ಲ ಕೂಗಾಕ."

ನಕ್ಕರು. ನನಗೆ ಆಗಲಿಲ್ಲ.

9 ಡಿಸೆಂಬರ್, ಸಂಜೆ 7

ಕೊನೆಯ ಐದು ನಿಮಿಷದವರೆಗೂ ಯಾರೂ ಗೋಲ್ ಹೊಡೆದಿರಲಿಲ್ಲ. ಕೂಗಿದೆ, ಕೂಗಿದೆ. ಆಗ ಎಡಗಡೆಯಿಂದ ಎದುರಾಳಿಗಳ ಫಾರ್ವರ್ಡ್ ನುಗ್ಗಿದ. ಗಟ್ಟಿ ಆಳು, ಕಾಲಲ್ಲಿ ಬೂಟು. "ಎಡಕ್ಕ" ಅಂದರೆ ಸಾಕು, ಆ ಬೂಟಿಗೇ ಮುಖ ಕೊಟ್ಟು ಬೀಳುತ್ತಾರೆ. ಬಾಯಿ ತೆರೆದೆ. ಮುಚ್ಚಿದೆ.

ಚೆಂಡು ಅವರ ಪಕ್ಕದಲ್ಲೇ ಉರುಳಿ ಒಳಗೆ ಬಂತು. ಅವರು ನನ್ನ ದನಿಗೆ ಕಿವಿಗೊಟ್ಟು ನಿಂತೇ ಇದ್ದರು.

ಸೋತೆವು. ಸೆಲೆಕ್ಟರ್ ಕಾರು ಹತ್ತಿ ಹೊರಟುಬಿಟ್ಟರು.

20 ಡಿಸೆಂಬರ್. ಸಿರುಗುಪ್ಪ, ತವರು

ಮ್ಯಾಚ್ ಆದ ನಾಲ್ಕನೇ ದಿನ ಇಲ್ಲಿಗೆ ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬಸ್ಸು ಹೊರಡುವಾಗ ಕಿಟಕಿಗೆ ಬಂದು ಕೇಳಿದರು: "ನಿನಗ ಅವ ಬರೋದು ಕಾಣಲಿಲ್ಲ, ಹೌದಿಲ್ಲೋ?" ತಲೆ ತಗ್ಗಿಸಿದೆ. ಬಸ್ಸು ಹೊರಟಿತು.

ನಾಳೆ ಕರೆದುಕೊಂಡು ಹೋಗಲು ಬರುತ್ತಾರಂತೆ. ಸಂಕ್ರಾಂತಿಗೆ ಇನ್ನೊಂದು ಮ್ಯಾಚ್ ಇದೆಯಂತೆ. ಕಾಣಲಿಲ್ಲ ಅಂದರೆ ಮತ್ತೆ ಕೂಗಲು ಕೂಡಿಸುತ್ತಾರೆ. ಕಂಡಿತ್ತು ಅಂದರೆ ಈ ಮನೆಯಲ್ಲೇ ಬಿಟ್ಟುಹೋಗಬಹುದು.

ಬಿಟ್ಟರೂ ಸರಿ. ಬಾಗಿಲಲ್ಲೇ ಹೇಳಿಬಿಡಬೇಕು — ಕಂಡಿತ್ತು ರೀ. ಕಂಡೇ ಸುಮ್ಮನಿದ್ದೆ. ಇನ್ನು ಮುಂದೆ ನಾನು ಆ ಕುರ್ಚಿಯಲ್ಲಿ ಕೂರುವುದಿಲ್ಲ.